ಅಲರ್ಜಿ ಆಯಿತೆಂದು ಕೀಮೋ ಕೈಬಿಡಬೇಕೆ?

ಅಂಡಾಶಯದ ಕ್ಯಾನ್ಸರ್‌ಗೆ ಕೀಮೋ ಕೊಡುವ ವಾರ್ಡಿನಲ್ಲಿ ಪಳಗಿದ ನರ್ಸ್‌ಗಳು ಎರಡು ಹೊತ್ತಿನಲ್ಲಿ ರೋಗಿಯ ಮಂಚದ ಪಕ್ಕದಿಂದ ಕದಲುವುದಿಲ್ಲ. ಒಂದು, ಮೊದಲ ಸಲ ಪ್ಯಾಕ್ಲಿಟಾಕ್ಸೆಲ್ ಡ್ರಿಪ್ ಹಾಕಿದ ಮೊದಲ ಹತ್ತು ನಿಮಿಷ. ಇನ್ನೊಂದು, ಕಾಯಿಲೆ ಒಮ್ಮೆ ಹೋಗಿ ಮರಳಿ ಬಂದವರಿಗೆ ಕಾರ್ಬೋಪ್ಲಾಟಿನ್ ಎರಡನೇ ಸುತ್ತು ಶುರುವಾದಾಗ, ಅಂದರೆ ಒಟ್ಟು ಲೆಕ್ಕದಲ್ಲಿ ಏಳನೆಯದೋ ಎಂಟನೆಯದೋ ಡೋಸ್ ಇಳಿಯುವಾಗ. ಎರಡು ಹೊತ್ತಿನಲ್ಲಿ ಆಗುವ ತೊಂದರೆಗೂ ನಾವು ಅಲರ್ಜಿ ಎಂದೇ ಹೇಳುತ್ತೇವೆ. ಆದರೆ ಅವು ಹುಟ್ಟುವ ಬಗೆ ಬೇರೆ, ಬರುವ ಸಮಯ ಬೇರೆ, ಆದಮೇಲೆ ಏನು ಮಾಡಬೇಕೆಂಬ ಲೆಕ್ಕವೂ ಬೇರೆ. ಈ ವ್ಯತ್ಯಾಸ ನೋಡದೆ ಫೈಲಿನ ಮೇಲೆ 'ಕೀಮೋ ಅಲರ್ಜಿ' ಎಂದು ಕೆಂಪು ಇಂಕಿನಲ್ಲಿ ಬರೆದುಬಿಟ್ಟರೆ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಮದ್ದನ್ನೇ ಕೈಯಾರೆ ಕಳೆದುಕೊಂಡಂತೆ.

ಭಾರತದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣುವುದು ಅಂಡಾಶಯದ ಕ್ಯಾನ್ಸರ್. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 47 ಸಾವಿರ ಹೊಸ ರೋಗಿಗಳು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು ಇದರ ಲಕ್ಷಣ. ಅದನ್ನೆಲ್ಲ ಗ್ಯಾಸ್ಟ್ರಿಕ್ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿದವರೇ ಜಾಸ್ತಿ. ಹಾಗಾಗಿ ಬಹುಪಾಲು ಜನರಿಗೆ ಕಾಯಿಲೆ ಹೊಟ್ಟೆಯೊಳಗೆ ಹರಡಿದ ಮೇಲೆಯೇ ಗೊತ್ತಾಗುತ್ತದೆ. ಆಪರೇಷನ್ ಜೊತೆಗೆ ಮೂರು ವಾರಕ್ಕೊಮ್ಮೆಯಂತೆ ಆರು ಸಲ ಪ್ಯಾಕ್ಲಿಟಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್ ಕೊಡುವುದು ಹಲವು ವರ್ಷಗಳಿಂದ ನಡೆದುಬಂದ ಪದ್ಧತಿ. ಬೆಂಗಳೂರಿನ ಕಿದ್ವಾಯಿಯಲ್ಲಿ ಕೊಡುವುದೂ ಇದನ್ನೇ, ಅಮೆರಿಕದ ಬಾಸ್ಟನ್‌ನಲ್ಲಿ ಕೊಡುವುದೂ ಇದನ್ನೇ.

ಅಲರ್ಜಿ ಯಾವುದಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ವಾಂತಿ, ಕೂದಲು ಉದುರುವುದು, ಬಿಳಿ ರಕ್ತಕಣ ಇಳಿಯುವುದು, ಡ್ರಿಪ್ ಆದ ಎರಡು ಮೂರು ದಿನಕ್ಕೆ ಕೈಕಾಲು ಕೀಲುಗಳೆಲ್ಲ ನೋಯುವುದು, ಬೆರಳ ತುದಿ ಜೋಮು ಹಿಡಿಯುವುದು, ಇವು ಯಾವುವೂ ಅಲರ್ಜಿಯಲ್ಲ. ಆ ಮದ್ದಿನ ಅಡ್ಡಪರಿಣಾಮಗಳು. ಮಾರನೇ ದಿನ ಮುಖ ಕೆಂಪಗೆ, ಬಿಸಿಯಾಗಿ ಕಾಣಿಸಿದರೆ ಅದು ಹೆಚ್ಚಾಗಿ ಜೊತೆಗೆ ಕೊಟ್ಟ ಸ್ಟಿರಾಯ್ಡ್‌ನ ಕೆಲಸ. ನಮ್ಮ ಜನ ಇದನ್ನೆಲ್ಲ ಒಟ್ಟುಮಾಡಿ "ಆ ಮದ್ದು ನಂಗೆ ಆಗಿಬರಲಿಲ್ಲ" ಅನ್ನುತ್ತಾರೆ. ಮುಂದಿನ ಡಾಕ್ಟರು ಅದನ್ನು ಕೇಳಿ ಅಲರ್ಜಿ ಎಂದು ಬರೆದುಕೊಂಡರೆ ತೊಡಕು ಶುರು. ಅಲರ್ಜಿ ಎಂದರೆ ಮೈಯ ರಕ್ಷಣಾ ವ್ಯವಸ್ಥೆ ಮದ್ದಿನ ಮೇಲೆ ತಿರುಗಿಬೀಳುವುದು. ಚರ್ಮದಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ, ರಕ್ತನಾಳಗಳ ಸುತ್ತ ಮಾಸ್ಟ್ ಕೋಶಗಳೆಂಬ ಕಣಗಳಿವೆ. ಅವು ಒಡೆದು ಹಿಸ್ಟಮಿನ್‌ನಂಥ ರಾಸಾಯನಿಕಗಳನ್ನು ಒಮ್ಮೆಲೇ ಸುರಿದಾಗ ಮೈ ಕೆಂಪಾಗುತ್ತದೆ, ಪಿತ್ತದ ಗಂಧೆ ಏಳುತ್ತದೆ, ಉಸಿರುನಾಳ ಬಿಗಿಯುತ್ತದೆ, ಬಿಪಿ ಕುಸಿಯುತ್ತದೆ.

ಈಗ ಮೊದಲ ಹತ್ತು ನಿಮಿಷದ ವಿಚಾರ. ಪ್ಯಾಕ್ಲಿಟಾಕ್ಸೆಲ್‌ನ ಮೂಲ ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಬೆಳೆಯುವ ಪೆಸಿಫಿಕ್ ಯೂ ಎಂಬ ಮರದ ತೊಗಟೆ. 1962ರಲ್ಲಿ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೇ ಅದನ್ನು ಸಂಗ್ರಹಿಸಿ ಕಳಿಸಿದರು. ಮನ್ರೋ ವಾಲ್ ಮತ್ತು ಮನಸುಖ್ ವಾಣಿ ಅದರಲ್ಲಿದ್ದ ಸಾರವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಈ ವಾಣಿಯವರು ಹುಟ್ಟಿದ್ದು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ. ಮದ್ದು ಸಿಕ್ಕಿತು, ಆದರೆ ಅದು ನೀರಿನಲ್ಲಿ ಕರಗುವುದಿಲ್ಲ. ಕರಗದ್ದನ್ನು ರಕ್ತನಾಳಕ್ಕೆ ಹಾಕುವುದು ಹೇಗೆ? ಅದಕ್ಕೆ ಕಂಡುಕೊಂಡ ದಾರಿ ಕ್ರೆಮೊಫೋರ್ ಎಂಬ ದ್ರಾವಕ. ನಮ್ಮ ಹರಳೆಣ್ಣೆಯನ್ನು ಎಥಿಲೀನ್ ಆಕ್ಸೈಡ್ ಜೊತೆ ಬೆರೆಸಿ ಕಾರ್ಖಾನೆಯಲ್ಲಿ ಮಾರ್ಪಡಿಸಿದ ವಸ್ತು ಅದು. ಅದರ ಜೊತೆಗೆ ಒಂದಿಷ್ಟು ಆಲ್ಕೋಹಾಲ್. ತಲೆಗೆ ಹರಳೆಣ್ಣೆ ಹಚ್ಚಿದವರಿಗೆಲ್ಲ ಇದು ಆಗುವುದಿಲ್ಲ ಎಂದು ಹೆದರಬೇಕಿಲ್ಲ. ಮಾರ್ಪಾಡಾದ ಮೇಲೆ ಅದರ ಗುಣವೇ ಬೇರೆ. ಈ ದ್ರಾವಕ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕವನ್ನೂ ಕರಗಿಸಿಕೊಂಡು ಬರುತ್ತದೆ. ಪ್ಯಾಕ್ಲಿಟಾಕ್ಸೆಲ್‌ಗೆ ಮಾಮೂಲಿ ಡ್ರಿಪ್ ಸೆಟ್ ಬಿಟ್ಟು ಪಿವಿಸಿ ಅಲ್ಲದ ಬೇರೆ ಸೆಟ್ ತರಲು ಹೇಳುವುದು ಇದೇ ಕಾರಣಕ್ಕೆ. ಅದೇನೂ ಬಿಲ್ ಏರಿಸುವ ಉಪಾಯವಲ್ಲ.

ಈ ದ್ರಾವಕದಿಂದ ಆದ ಗಲಾಟೆಯಲ್ಲಿ ಮದ್ದೇ ಮೂಲೆ ಸೇರುವುದರಲ್ಲಿತ್ತು. 1980ರ ದಶಕದ ಮೊದಲ ಪ್ರಯೋಗಗಳಲ್ಲಿ, ಕೆಲವೆಡೆ ನೂರಕ್ಕೆ 30ರವರೆಗೂ ರೋಗಿಗಳಿಗೆ ಅಲರ್ಜಿಯ ಪ್ರತಿಕ್ರಿಯೆ ಆಯಿತು. ಕೆಲವರಿಗೆ ಅದು ಪ್ರಾಣಕ್ಕೇ ಬಂತು. ಇಲ್ಲಿ ದೋಷ ಹೆಚ್ಚಾಗಿ ಕ್ರೆಮೊಫೋರ್‌ನದು. ಅದು ಮಾಸ್ಟ್ ಕೋಶಗಳನ್ನು ನೇರವಾಗಿಯೂ, ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳ ಮೂಲಕವೂ ಕೆರಳಿಸಬಲ್ಲದು. ಮೈಗೆ ಮೊದಲೇ ಪರಿಚಯ ಇರಬೇಕೆಂದಿಲ್ಲ, ಹಾಗಾಗಿ ಮೊದಲ ಡೋಸಿಗೇ ಎರಗುತ್ತದೆ. ಸಂಶೋಧಕರು ಮಾಡಿದ್ದು ಎರಡು ಕೆಲಸ: ಮುಂಚಿತವಾಗಿ ಸ್ಟಿರಾಯ್ಡ್ ಮತ್ತು ಹಿಸ್ಟಮಿನ್ ತಡೆಯುವ ಮದ್ದು ಕೊಟ್ಟರು, ಡ್ರಿಪ್ಪನ್ನು 24 ಗಂಟೆಗೆ ಎಳೆದರು. ಪ್ರತಿಕ್ರಿಯೆಗಳು ಗಣನೀಯವಾಗಿ ಇಳಿದವು. 1992ರಲ್ಲಿ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಅನುಮತಿಯೂ ಸಿಕ್ಕಿತು. ಮುಂಚಿತ ಮದ್ದು ಸರಿಯಾಗಿ ಕೊಟ್ಟರೆ ಮೂರು ಗಂಟೆಯ ಡ್ರಿಪ್ ಸಾಕು ಎಂದು 1994ರಲ್ಲಿ ಯುರೋಪ್ ಮತ್ತು ಕೆನಡಾದ ವೈದ್ಯರು ಸೇರಿ ನಡೆಸಿದ ಅಧ್ಯಯನ ತೋರಿಸಿಕೊಟ್ಟಿತು. ಇಂದು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಡೇ ಕೇರ್ ಕೀಮೋ ಸಾಧ್ಯವಾಗಿರುವುದು ಇದರಿಂದಲೇ. ಈಗ ತೀವ್ರ ಪ್ರತಿಕ್ರಿಯೆ ಆಗುವುದು ನೂರಕ್ಕೆ ಎರಡರಿಂದ ನಾಲ್ಕು ಜನರಿಗೆ.

ಮೂಲ ಕ್ರಮದ ಪ್ರಕಾರ ಡ್ರಿಪ್‌ಗೆ 12 ಗಂಟೆ ಮೊದಲು 20 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ, 6 ಗಂಟೆ ಮೊದಲು ಇನ್ನೊಮ್ಮೆ ಅಷ್ಟೇ. ಆಮೇಲೆ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಮುಂಚೆ ಹಿಸ್ಟಮಿನ್ ತಡೆಯುವ ಇಂಜೆಕ್ಷನ್, ನಮ್ಮಲ್ಲಿ ಸಾಮಾನ್ಯವಾಗಿ ಅವಿಲ್. ಜೊತೆಗೆ ರಾನಿಟಿಡಿನ್ ಅಥವಾ ಫಾಮೊಟಿಡಿನ್. ಬೆಳಿಗ್ಗೆ ಹತ್ತಕ್ಕೆ ಡ್ರಿಪ್ ಎಂದರೆ ಹಿಂದಿನ ರಾತ್ರಿ ಹತ್ತಕ್ಕೊಮ್ಮೆ, ನಸುಕಿನ ನಾಲ್ಕಕ್ಕೊಮ್ಮೆ ಮಾತ್ರೆ. ಬೀದರ್‌ನಿಂದಲೋ ರಾಯಚೂರಿನಿಂದಲೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರುವ ಹೆಂಗಸು ನಸುಕಿನಲ್ಲಿ ಎದ್ದು, ಖಾಲಿ ಹೊಟ್ಟೆಗೆ ಆ ಮಾತ್ರೆ ನುಂಗುತ್ತಾಳೆ ಎಂದು ಭಾವಿಸುವುದು ಕಾಗದದ ಮೇಲಷ್ಟೇ ಸುಲಭ. ಆದ್ದರಿಂದ ಎಷ್ಟೋ ಆಸ್ಪತ್ರೆಗಳು ಡ್ರಿಪ್‌ಗೆ ಅರ್ಧ ಗಂಟೆ ಮುಂಚೆ ಸ್ಟಿರಾಯ್ಡನ್ನು ನರಕ್ಕೇ ಕೊಟ್ಟು ಮುಗಿಸುತ್ತವೆ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ವೈದ್ಯರಲ್ಲಿ ಇನ್ನೂ ಇದೆ. ಇತ್ತೀಚೆಗೆ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದು, ರಾನಿಟಿಡಿನ್ ಬಿಟ್ಟರೂ ಪ್ರತಿಕ್ರಿಯೆಗಳು ಹೆಚ್ಚಾಗಲಿಲ್ಲ ಎಂದಿತು. ಯಾವ ಪದ್ಧತಿಯಾದರೂ ಇರಲಿ, ನಿಮಗೆ ಮನೆಯಲ್ಲಿ ನುಂಗಲು ಮಾತ್ರೆ ಬರೆದುಕೊಟ್ಟಿದ್ದರೆ, ಅದನ್ನು ಮರೆತಿದ್ದರೆ, ಡ್ರಿಪ್ ಹಾಕುವ ಮುಂಚೆ ಬಾಯಿಬಿಟ್ಟು ಹೇಳಿ. ಬೈಯುತ್ತಾರೆಂದು ಸುಮ್ಮನಿದ್ದರೆ ಅಪಾಯ ನಿಮಗೇ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಮಾತ್ರೆಯಿಂದ ಎರಡು ಮೂರು ದಿನ ಶುಗರ್ ಏರುತ್ತದೆ, ಕೆಲವರಿಗೆ ನಿದ್ದೆ ಹಾರಿಹೋಗುತ್ತದೆ, ಬಿಕ್ಕಳಿಕೆ ಬರುತ್ತದೆ. ಅದೂ ತಿಳಿದಿರಲಿ.

ಪ್ಯಾಕ್ಲಿಟಾಕ್ಸೆಲ್ ಪ್ರತಿಕ್ರಿಯೆ ಹೇಗಿರುತ್ತದೆ? ಮುಖ ಕೆಂಪೇರುತ್ತದೆ, ಎದೆ ಬಿಗಿದ ಹಾಗೆ, ಉಸಿರು ಸಿಗದ ಹಾಗೆ. ಬಹಳ ಜನಕ್ಕೆ ಸೊಂಟ ಅಥವಾ ಬೆನ್ನು ಇದ್ದಕ್ಕಿದ್ದಂತೆ ನೋಯುತ್ತದೆ. ಇದನ್ನು ಮಂಚದ ಮೇಲೆ ಮಲಗಿದ್ದರಿಂದ ಬಂದ ನೋವು ಎಂದು ತಿಳಿಯುವವರಿದ್ದಾರೆ. ಡ್ರಿಪ್ ನಿಲ್ಲಿಸಿದರೆ ಸಾಧಾರಣ ಪ್ರತಿಕ್ರಿಯೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಆಮೇಲೆ ಇನ್ನೊಂದಿಷ್ಟು ಮದ್ದು ಕೊಟ್ಟು, ಅರ್ಧ ಮುಕ್ಕಾಲು ಗಂಟೆ ಕಾದು, ಅದೇ ದಿನ ನಿಧಾನವಾಗಿ ಮತ್ತೆ ಶುರುಮಾಡಿದರೆ ಬಹುಪಾಲು ರೋಗಿಗಳು ಪೂರ್ತಿ ಡೋಸ್ ತಡೆದುಕೊಳ್ಳುತ್ತಾರೆ. ಒಮ್ಮೆ ಮೈ ಕೆಂಪಾದ ಮಾತ್ರಕ್ಕೆ ಈ ಮದ್ದಿಗೆ ವಿದಾಯ ಹೇಳುವುದು ತಪ್ಪು ಎಂಬ ನನ್ನ ಮಾತಿಗೆ ಆಧಾರ ಇದು. ತೀವ್ರವಾಗಿ ಆದವರಿಗೆ ಕ್ರೆಮೊಫೋರ್ ಇಲ್ಲದ, ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿದ ನ್ಯಾಬ್‌ಪ್ಯಾಕ್ಲಿಟಾಕ್ಸೆಲ್ ಇದೆ. ಡೊಸಿಟಾಕ್ಸೆಲ್ ಎಂಬ ಅದೇ ಗುಂಪಿನ ಮದ್ದೂ ಇದೆ, ಆದರೆ ಅದರ ದ್ರಾವಕ ಪಾಲಿಸಾರ್ಬೇಟ್ ಕೂಡ ಕೆಲವರಿಗೆ ಇದೇ ಕಾಟ ಕೊಡುತ್ತದೆ.

ಕಾರ್ಬೋಪ್ಲಾಟಿನ್‌ನದು ಬೇರೆಯೇ ಕಥೆ. ಅದರಲ್ಲಿ ಎಣ್ಣೆಯಿಲ್ಲ, ದ್ರಾವಕದ ರಗಳೆಯಿಲ್ಲ. ಮೊದಲ ಆರು ಡೋಸ್ ಬಹುತೇಕ ಎಲ್ಲರಿಗೂ ಸಲೀಸು. ತೊಂದರೆ ಕಾಯುತ್ತಿರುವುದು ಮುಂದೆ. 1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡಿದ್ದರು. ಮೊದಲ ಸಲ ತಡೆದುಕೊಂಡ ನಾಯಿಗೆ ವಾರಗಳ ನಂತರ ಅದರ ಚಿಕ್ಕ ಪಾಲು ಕೊಟ್ಟರೂ ನಿಮಿಷಗಳಲ್ಲಿ ಸತ್ತುಬಿತ್ತು. ಈ ಬಗೆಯ ಪ್ರತಿಕ್ರಿಯೆಗೆ ಅವರು ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು, ರಿಷೆಗೆ 1913ರಲ್ಲಿ ನೊಬೆಲ್ ಬಂತು. ಕಾರ್ಬೋಪ್ಲಾಟಿನ್ ಮಾಡುವುದೂ ಸರಿಸುಮಾರು ಇದನ್ನೇ. ಮೊದಲ ಸುತ್ತಿನಲ್ಲಿ ಮೈ ಆ ಪ್ಲಾಟಿನಂ ಮದ್ದನ್ನು ಗುರುತು ಹಿಡಿದು, ಕೆಲವರಲ್ಲಿ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ, ಮಾಸ್ಟ್ ಕೋಶಗಳ ಮೇಲೆ ಕೂರಿಸಿಟ್ಟಿರುತ್ತದೆ. ಒಂದೆರಡು ವರ್ಷ ಬಿಟ್ಟು ಅದೇ ಮದ್ದು ಒಳಬಂದಾಗ ಆ ಕೋಶಗಳು ಒಟ್ಟಿಗೆ ಸಿಡಿಯುತ್ತವೆ. ಮಾರಿಸ್ ಮಾರ್ಕ್‌ಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ 205 ರೋಗಿಗಳ ಪೈಕಿ ನೂರಕ್ಕೆ 12 ಜನರಿಗೆ ಪ್ರತಿಕ್ರಿಯೆ ಆಗಿತ್ತು. ಏಳಕ್ಕಿಂತ ಹೆಚ್ಚು ಡೋಸ್ ಪಡೆದವರನ್ನು ಮಾತ್ರ ಎಣಿಸಿದರೆ ಆ ಸಂಖ್ಯೆ ನೂರಕ್ಕೆ 27. ಬಿಆರ್‌ಸಿಎ ಜೀನ್ ದೋಷ ಇರುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು ಎಂದು ಆಮೇಲಿನ ಅಧ್ಯಯನಗಳು ಹೇಳಿವೆ.

ಇದರಲ್ಲೊಂದು ಕ್ರೂರ ವ್ಯಂಗ್ಯವಿದೆ. ಹರಡಿದ ಹಂತದ ಅಂಡಾಶಯದ ಕ್ಯಾನ್ಸರ್ ಬಹಳ ಮಂದಿಗೆ ಮರಳಿ ಬರುತ್ತದೆ. ಕೊನೆಯ ಡೋಸಿನಿಂದ ಆರು ತಿಂಗಳಿಗಿಂತ ಹೆಚ್ಚು ಕಾಲ ಕಾಯಿಲೆ ತಲೆ ಎತ್ತದೆ ಇದ್ದರೆ ಅಂಥವರ ಗಡ್ಡೆ ಪ್ಲಾಟಿನಂಗೆ ಬಗ್ಗುತ್ತದೆ ಎಂದು ಲೆಕ್ಕ, ಅವರಿಗೆ ಮತ್ತೆ ಕಾರ್ಬೋಪ್ಲಾಟಿನ್ ಕೊಡುತ್ತಾರೆ. ಅಂದರೆ ಯಾರಿಗೆ ಈ ಮದ್ದಿನಿಂದ ಹೆಚ್ಚು ಲಾಭವೋ ಅವರೇ ಅಲರ್ಜಿಯ ಸಾಲಿನಲ್ಲಿ ಮುಂದೆ ನಿಂತಿರುತ್ತಾರೆ. ಮದ್ದು ಕೈತಪ್ಪಿದರೆ ನಷ್ಟವೂ ಅವರಿಗೇ ಜಾಸ್ತಿ.

ಈ ಪ್ರತಿಕ್ರಿಯೆಗೆ ಮುನ್ಸೂಚನೆ ಅಂಗೈಯಲ್ಲಿ. ಅಂಗೈ ಅಂಗಾಲು ತುರಿಸುತ್ತವೆ, ಕೆಂಪಾಗುತ್ತವೆ. ಆಮೇಲೆ ಮುಖ, ಎದೆ. ಕೆಲವರಿಗೆ ಹೊಟ್ಟೆ ಕಿವುಚಿದಂತಾಗಿ ವಾಂತಿ. ಡ್ರಿಪ್ ಅರ್ಧಕ್ಕಿಂತ ಹೆಚ್ಚು ಮುಗಿದ ಮೇಲೂ ಶುರುವಾಗಬಹುದು, ಒಮ್ಮೊಮ್ಮೆ ಮನೆಗೆ ಹೋದ ಮೇಲೂ. ನಮ್ಮ ಹೆಂಗಸರು ಅಂಗೈ ತುರಿಕೆಯನ್ನು ಯಾರಿಗೂ ಹೇಳುವುದಿಲ್ಲ. ಕ್ಯಾನ್ಸರ್ ಆಪರೇಷನ್ ತಡೆದುಕೊಂಡವಳಿಗೆ ತುರಿಕೆ ಒಂದು ಲೆಕ್ಕವೇ? ಪಕ್ಕದಲ್ಲಿ ಕೂತ ಮಗನೂ "ಸ್ವಲ್ಪ ತಡ್ಕೋ ಅಮ್ಮಾ, ಬಾಟ್ಲಿ ಮುಗೀತಾ ಬಂತು" ಎನ್ನುತ್ತಾನೆ. ಇಲ್ಲಿ ತಡೆದುಕೊಳ್ಳುವುದು ಗುಣವಲ್ಲ. "ಸಿಸ್ಟರ್, ಯಾಕೋ ಒಂಥರಾ ಆಗ್ತಿದೆ" ಎಂದು ಹೇಳಿದರೂ ಸಾಕು. ಅನುಭವಿ ನರ್ಸ್ ಆ ಒಂದು ಮಾತಿಗೇ ಡ್ರಿಪ್ ನಿಲ್ಲಿಸುತ್ತಾಳೆ, ಯಾಕೆಂದರೆ ಬಿಪಿ ಬೀಳುವ ಮುಂಚೆ ಎಷ್ಟೋ ರೋಗಿಗಳು ಹೇಳುವುದು ಇದನ್ನೇ.

ನಿಲ್ಲಿಸಿದ ಮೇಲೆ ಮಾಡಬೇಕಾದ ಕೆಲಸದಲ್ಲಿ ಒಂದು ಹಳೆಯ ಅಭ್ಯಾಸ ಅಡ್ಡ ಬರುತ್ತದೆ. ಅಲರ್ಜಿ ಎಂದೊಡನೆ ಕೈ ಹೋಗುವುದು ಅವಿಲ್ ಮತ್ತು ಸ್ಟಿರಾಯ್ಡ್ ಕಡೆಗೆ. ಬರೀ ಗಂಧೆ, ತುರಿಕೆ ಇದ್ದರೆ ಅದು ಸರಿ. ಉಸಿರು ಕಟ್ಟುತ್ತಿದ್ದರೆ, ಬಿಪಿ ಇಳಿಯುತ್ತಿದ್ದರೆ, ನಾಲಿಗೆ ಗಂಟಲು ಊದುತ್ತಿದ್ದರೆ ಮೊದಲ ಮದ್ದು ಅಡ್ರಿನಲಿನ್, ಬೇರಾವುದೂ ಅಲ್ಲ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಐದು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ. ಅವಿಲ್ ತುರಿಕೆ ಇಳಿಸುತ್ತದೆಯೇ ಹೊರತು ಕುಸಿದ ಬಿಪಿ ಎತ್ತುವುದಿಲ್ಲ. ಸ್ಟಿರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಕ್ಯಾನುಲಾ ಕೀಳದೆ, ಹೊಸ ಟ್ಯೂಬಿನಲ್ಲಿ ಸಲೈನ್ ಓಡಿಸಬೇಕು. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಬೇಕು, ಬಾತ್‌ರೂಮಿಗೆಂದು ಎಬ್ಬಿಸಿ ನಡೆಸಬಾರದು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಲ್ಲಿ ಅಡ್ರಿನಲಿನ್ ಸರಿಯಾಗಿ ನಾಟದೆ ಹೋಗಬಹುದು, ಅವರಿಗೆ ಗ್ಲುಕಗಾನ್ ಬೇಕಾಗುತ್ತದೆ. ಆದ್ದರಿಂದ ನೀವು ನುಂಗುವ ಬಿಪಿ ಮಾತ್ರೆಯ ಹೆಸರು ಕೀಮೋ ವಾರ್ಡಿಗೂ ಗೊತ್ತಿರಬೇಕು. ಹಾಗೆಂದು ನೀವಾಗಿಯೇ ಆ ಮಾತ್ರೆ ನಿಲ್ಲಿಸಬೇಡಿ. ಪ್ರತಿಕ್ರಿಯೆ ಆದ ಒಂದೆರಡು ಗಂಟೆಯೊಳಗೆ ಟ್ರಿಪ್ಟೇಸ್ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಮಾಸ್ಟ್ ಕೋಶ ಸಿಡಿದದ್ದು ನಿಜವೇ ಎಂದು ತಿಳಿಯುತ್ತದೆ. ಮುಂದಿನ ತೀರ್ಮಾನಕ್ಕೆ ಅದು ಒಳ್ಳೆಯ ಸಾಕ್ಷಿ.

ಇನ್ನು ಮುಂದೇನು? ಪ್ಯಾಕ್ಲಿಟಾಕ್ಸೆಲ್‌ನಲ್ಲಿ ಮಾಡಿದ ಹಾಗೆ 'ಇನ್ನೊಂದು ಅವಿಲ್ ಹಾಕಿ ನಿಧಾನಕ್ಕೆ ಬಿಡೋಣ' ಎಂಬ ಧೋರಣೆ ಕಾರ್ಬೋಪ್ಲಾಟಿನ್‌ಗೆ ಸಲ್ಲದು. ಪ್ರತಿಕಾಯ ತಯಾರಾಗಿ ಕೂತಿದೆ, ಮುಂದಿನ ಸಲ ಇನ್ನೂ ಜೋರಾಗಬಹುದು. ಸಿಸ್‌ಪ್ಲಾಟಿನ್‌ಗೆ ಬದಲಾಯಿಸುವುದು ಒಂದು ದಾರಿ. ಅದು ಕಿಡ್ನಿಗೆ, ಕಿವಿಗೆ ಭಾರ, ಮೇಲಾಗಿ ಅದೂ ಪ್ಲಾಟಿನಂ ಆದ್ದರಿಂದ ಕೆಲವರಿಗೆ ಅದಕ್ಕೂ ಅಲರ್ಜಿ ಹೊರಟಿದ್ದುಂಟು. ಮರುಕಳಿಸಿದ ಕಾಯಿಲೆಗೆ ಕಾರ್ಬೋಪ್ಲಾಟಿನ್ ಜೊತೆ ಪ್ಯಾಕ್ಲಿಟಾಕ್ಸೆಲ್ ಬದಲು ಲೈಪೊಸೋಮಲ್ ಡಾಕ್ಸೊರುಬಿಸಿನ್ ಕೊಟ್ಟಾಗ ಅಲರ್ಜಿ ಕಡಿಮೆಯಾದದ್ದು ಕ್ಯಾಲಿಪ್ಸೊ ಎಂಬ ದೊಡ್ಡ ಅಧ್ಯಯನದಲ್ಲಿ ಕಂಡಿತು: ಮಧ್ಯಮ ಹಾಗೂ ತೀವ್ರ ಪ್ರತಿಕ್ರಿಯೆಗಳು ನೂರಕ್ಕೆ 18.8ರಿಂದ 5.6ಕ್ಕೆ ಇಳಿದವು. ಎರಡನೇ ಸುತ್ತು ಶುರುಮಾಡುವ ಮೊದಲೇ ಯೋಚಿಸಬೇಕಾದ ವಿಷಯವಿದು.

ಪ್ಲಾಟಿನಂ ಬಿಡಲೇಬಾರದು ಎಂಬ ಸಂದರ್ಭದಲ್ಲಿ ಇರುವ ದಾರಿ ಡಿಸೆನ್ಸಿಟೈಸೇಷನ್. ಬಾಸ್ಟನ್‌ನ ಬ್ರಿಗಮ್ ಆಸ್ಪತ್ರೆಯ ಅಲರ್ಜಿ ತಜ್ಞೆ ಮರಿಯಾನಾ ಕಾಸ್ಟೆಲ್ಸ್ ಮತ್ತು ತಂಡ ರೂಪಿಸಿದ ಕ್ರಮದಲ್ಲಿ ಮೂರು ಬಾಟಲಿಗಳಿವೆ: ಒಂದರಲ್ಲಿ ಮದ್ದಿನ ಸಾಂದ್ರತೆ ನೂರನೇ ಒಂದು, ಎರಡನೆಯದರಲ್ಲಿ ಹತ್ತನೇ ಒಂದು, ಮೂರನೆಯದರಲ್ಲಿ ಪೂರ್ತಿ. ಹನ್ನೆರಡು ಮೆಟ್ಟಿಲು. ಪ್ರತಿ ಹದಿನೈದು ನಿಮಿಷಕ್ಕೆ ಮದ್ದಿನ ಪ್ರಮಾಣ ಸುಮಾರಾಗಿ ಇಮ್ಮಡಿ. ಕೊನೆಯ ಮೆಟ್ಟಿಲಲ್ಲಿ ಉಳಿದದ್ದೆಲ್ಲ. ಒಟ್ಟು ಆರು ಗಂಟೆ ಹತ್ತಿರ. ಕೆರೆಯ ತೂಬನ್ನು ಒಮ್ಮೆಗೇ ಎತ್ತದೆ ಬೆರಳಷ್ಟು ಬೆರಳಷ್ಟೇ ಎತ್ತಿ ಗದ್ದೆಗೆ ನೀರು ಬಿಡುವ ರೀತಿ. ಇಷ್ಟಿಷ್ಟೇ ಬರುವ ಮದ್ದಿಗೆ ಮಾಸ್ಟ್ ಕೋಶಗಳು ಸಿಡಿಯುವ ಮಟ್ಟ ಮುಟ್ಟದೆ, ಕ್ರಮೇಣ ಪ್ರತಿಕ್ರಿಯಿಸುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸುತ್ತವೆ. 2008ರಲ್ಲಿ ಈ ತಂಡ 98 ರೋಗಿಗಳಿಗೆ 413 ಸಲ ಹೀಗೆ ಬೇರೆ ಬೇರೆ ಕೀಮೋ ಮದ್ದು ಕೊಟ್ಟ ಲೆಕ್ಕ ಪ್ರಕಟಿಸಿತು. ನೂರಕ್ಕೆ 94 ಸಲ ಏನೂ ಆಗಲಿಲ್ಲ, ಅಥವಾ ಅಲ್ಪಸ್ವಲ್ಪ ಆಯಿತು. ಒಂದೂ ಸಾವಿಲ್ಲ. ಎಲ್ಲರಿಗೂ ಪೂರ್ತಿ ಡೋಸ್ ಸೇರಿತು.

ಇದರ ಮಿತಿ ಎರಡು. ಈ ಸಹನೆ ಶಾಶ್ವತವಲ್ಲ, ಮೂರು ವಾರ ಬಿಟ್ಟು ಬಂದರೆ ಮತ್ತೆ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು. ಮತ್ತು ಚರ್ಮ ಸುಲಿದುಬರುವ, ಬಾಯಿ ಕಣ್ಣೆಲ್ಲ ಹುಣ್ಣಾಗುವ ತೀವ್ರ ಬಗೆಯ ಮದ್ದಿನ ಪ್ರತಿಕ್ರಿಯೆ ಆದವರಿಗೆ ಇದನ್ನು ಮಾಡುವಂತಿಲ್ಲ, ಅವರಿಗೆ ಆ ಮದ್ದು ಎಂದಿಗೂ ಇಲ್ಲ. ಉಳಿದವರಿಗೆ ಇದು ದುಬಾರಿ ಮದ್ದಿನ ಚಿಕಿತ್ಸೆಯಲ್ಲ. ಬೇಕಾದದ್ದು ಒಂದು ಮಂಚ, ಇನ್‌ಫ್ಯೂಷನ್ ಪಂಪ್, ಇಡೀ ದಿನ ಆ ಒಬ್ಬರ ಮೇಲೇ ಕಣ್ಣಿಟ್ಟಿರುವ ನರ್ಸ್, ಕೂಗಳತೆಯಲ್ಲಿ ಐಸಿಯು. ತುಂಬಿ ತುಳುಕುವ ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದಿಗಿಂತ ಕಷ್ಟ ಇವನ್ನು ಹೊಂದಿಸುವುದೇ. ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳು ವಾರದಲ್ಲಿ ಒಂದು ದಿನ, ಎರಡು ಮಂಚವನ್ನು ಇದಕ್ಕೆಂದೇ ಮೀಸಲಿಟ್ಟರೂ ಬಹಳ ಉಪಕಾರ.

ಕರ್ನಾಟಕ ಸರ್ಕಾರ 2025ರಲ್ಲಿ 16 ಜಿಲ್ಲೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ಆರಂಭಿಸಿತು. ಬಹಳ ಒಳ್ಳೆಯ ಕೆಲಸ. ಬೆಂಗಳೂರಿನ ರಾತ್ರಿ ಬಸ್ಸು ತಪ್ಪಿದರೆ ಅರ್ಧ ಆಯಾಸ ತಪ್ಪಿದಂತೆ. ಆದರೆ ಕೀಮೋ ಊರ ಹತ್ತಿರ ಬಂದಾಗ ಅದರ ಅಲರ್ಜಿಯೂ ಜೊತೆಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ಪ್ಯಾಕ್ಲಿಟಾಕ್ಸೆಲ್ ಮತ್ತು ಮರುಕಳಿಸಿದವರ ಕಾರ್ಬೋಪ್ಲಾಟಿನ್ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ಸಲೀಸಾದ ಡೋಸ್‌ಗಳು ಜಿಲ್ಲೆಗೆ ಬರಲಿ. ಜಿಲ್ಲಾ ಕೇಂದ್ರದ ಪ್ರತಿ ನರ್ಸ್‌ಗೂ ಡಾಕ್ಟರಿಗೆ ಕಾಯದೆ ಮೊದಲ ಅಡ್ರಿನಲಿನ್ ಚುಚ್ಚುವ ಲಿಖಿತ ಅಧಿಕಾರ ಇರಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಅಡ್ರಿನಲಿನ್ ಇದ್ದೂ ಇಲ್ಲದಂತೆಯೇ.

ರೋಗಿಗಳಿಗೂ ಮನೆಯವರಿಗೂ ಒಂದು ಮಾತು. ಪ್ರತಿಕ್ರಿಯೆ ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೀ 'ಅಲರ್ಜಿ' ಎಂದು ಬರೆಸಿಕೊಂಡು ಬರಬೇಡಿ. ಯಾವ ಮದ್ದು, ಎಷ್ಟನೇ ಡೋಸ್, ಡ್ರಿಪ್ ಶುರುವಾಗಿ ಎಷ್ಟು ನಿಮಿಷಕ್ಕೆ, ಏನೇನಾಯಿತು, ಬಿಪಿ ಎಷ್ಟಕ್ಕೆ ಇಳಿದಿತ್ತು, ಏನು ಕೊಟ್ಟಾಗ ಸರಿಹೋಯಿತು, ಇಷ್ಟನ್ನೂ ಕೇಳಿ ಬರೆಸಿಕೊಳ್ಳಿ. ಮನೆಗೆ ಹೋದ ಮೇಲೆ ತುರಿಕೆ ಎದ್ದರೆ ವಾರ್ಡಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ 108ಕ್ಕೆ ಕರೆ ಮಾಡಿ, ಹತ್ತಿರದ ಯಾವುದೇ ಆಸ್ಪತ್ರೆಗೆ ಹೋಗಿ. ಆ ಚೀಟಿಯ ಒಂದು ಜೆರಾಕ್ಸ್ ಪ್ರತಿ ಫೈಲಿನಲ್ಲಿರಲಿ, ಮೊಬೈಲಿನಲ್ಲಿ ಅದರ ಫೋಟೊ ಇರಲಿ. ಮುಂದಿನ ಸಲ ನಿಮ್ಮ ತಾಯಿಗೋ ಅಕ್ಕನಿಗೋ ಆ ಮದ್ದು ಕೊಡಬಹುದೇ ಬೇಡವೇ ಎಂದು ಡಾಕ್ಟರು ನಿರ್ಧರಿಸುವುದು ಆ ಚೀಟಿ ನೋಡಿಯೇ.